ಒಂದು ಎಂಬಿ ಉಳಿಸಲು ಹೋಗಿ

ಸೊರಬದ ಬಸ್ ಸ್ಟ್ಯಾಂಡಿನಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ ನನ್ನದೊಂದು ಅಂಗಡಿ ಇದೆ. ಜೆರಾಕ್ಸ್, ಲ್ಯಾಮಿನೇಷನ್, ಪಹಣಿ, ಆನ್‌ಲೈನ್ ಅರ್ಜಿ, ಎಲ್ಲಕ್ಕೂ ನಾನೊಬ್ಬಳೇ. ಇಷ್ಟು ವರ್ಷ ಅಲ್ಲಿ ಕೂತು ನಾನು ಕಲಿತ ವಿದ್ಯೆ ಒಂದೇ, ದೊಡ್ಡದನ್ನು ಸಣ್ಣದು ಮಾಡುವುದು. ಯಾವ ಅರ್ಜಿಯನ್ನಾದರೂ ತೆಗೆಯಿರಿ, ಫೋಟೊ ಐವತ್ತು ಕೆಬಿ ಮೀರಬಾರದು, ಸಹಿ ಇಪ್ಪತ್ತು ಕೆಬಿ ಮೀರಬಾರದು ಎಂದು ಬರೆದಿರುತ್ತದೆ. ಜನ ಫೋನಿನಲ್ಲಿ ಐದು ಎಂಬಿಯ ಮುಖ ಹೊತ್ತುಕೊಂಡು ಬರುತ್ತಾರೆ. ನಾನು ಕಣ್ಣು ಮುಚ್ಚಿ ತೆಗೆಯುವುದರೊಳಗೆ ಅದನ್ನು ಐವತ್ತು ಕೆಬಿಗೆ ಇಳಿಸಿಬಿಡುತ್ತೇನೆ. ಈ ಊರಲ್ಲಿ ನನ್ನಷ್ಟು ಬೇಗ ಇಳಿಸುವವರು ಇನ್ನೊಬ್ಬರಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಜಂಬ ಇತ್ತು, ಸುಳ್ಳು ಯಾಕೆ ಹೇಳಲಿ.

ಆದರೆ ಫೋಟೊದ ಆಟ ನನಗೆ ಹಳತಾಗಿತ್ತು. ಆಡಿಯೊ ಹಾಗಲ್ಲ. ಅದು ನನ್ನ ಕೈಗೆ ಸಿಕ್ಕಿದ್ದು ಈಚೆಗೆ, ಸಿಕ್ಕಿದ ದಿನವೇ ತಲೆಗೇರಿತು. ಶಾಲೆಯ ಮೇಷ್ಟ್ರೊಬ್ಬರು ಮಕ್ಕಳ ಪದ್ಯವಾಚನ ರೆಕಾರ್ಡ್ ಮಾಡಿಕೊಂಡು ಬಂದಿದ್ದರು. ಎಷ್ಟು ಒದ್ದಾಡಿದರೂ ಮೇಲ್‌ನಲ್ಲಿ ಹೋಗುತ್ತಿರಲಿಲ್ಲ. ‘ನೋಡ್ರೀ ಏನಾದ್ರೂ ಮಾಡೋಕಾಗುತ್ತಾ’ ಎಂದರು. ಬಿಟ್ಟಿ ಸಿಗುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡು, ಗೊತ್ತಿಲ್ಲದ ಗುಂಡಿಯನ್ನೆಲ್ಲ ಒತ್ತುತ್ತಾ ಕೂತೆ. ಎಡಕಿವಿಗೊಂದು ಬಲಕಿವಿಗೊಂದು ಎಂದು ಎರಡೆರಡು ಸಲ ಇದ್ದ ಧ್ವನಿಯನ್ನು ಒಂದೇ ಮಾಡಿದೆ, ಫೈಲು ಅರ್ಧಕ್ಕೆ ಇಳಿಯಿತು. ಎಂಪಿಥ್ರೀ ಮಾಡಿದೆ, ನೂರು ಎಂಬಿ ಇದ್ದದ್ದು ಐದಕ್ಕೆ ಬಂದು ನಿಂತಿತು. ಹೆದರಿಕೊಂಡೇ ಹಾಕಿ ಕೇಳಿದರೆ, ಅದೇ ಮಕ್ಕಳು, ಅದೇ ಪದ್ಯ! ಅಯ್ಯಯ್ಯೋ ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. ಮೇಷ್ಟ್ರು ಕರೆಂಟ್ ಹೊಡೆಯಿತೇನೋ ಎಂದುಕೊಂಡು ಹಿಂದೆ ಸರಿದರು.

ಆಮೇಲೆ ಕೇಳಬೇಕೇ? ಬಿಡುವು ಸಿಕ್ಕಾಗಲೆಲ್ಲ ಅದರ ಬಗ್ಗೆಯೇ ಓದಿದೆ, ನೋಡಿದೆ. ಅಷ್ಟು ಸಣ್ಣದಾಗುವುದು ಹೇಗೆ ಎಂಬುದು ತಿಳಿದ ದಿನ ನನಗೆ ಊಟ ಸೇರಲಿಲ್ಲ. ಪಕ್ಕದಲ್ಲಿ ಡೊಳ್ಳು ಬಡಿಯುತ್ತಿದ್ದರೆ ನಮ್ಮ ಕೈಯ ಬಳೆಯ ಸದ್ದು ನಮಗೇ ಕೇಳುವುದಿಲ್ಲವಲ್ಲ, ಹೇಗೂ ಕೇಳದ ಆ ಬಳೆಯ ಸದ್ದನ್ನು ಕಂಪ್ಯೂಟರು ಬರೆದಿಡಲು ಹೋಗುವುದೇ ಇಲ್ಲ. ಅಷ್ಟು ಜಾಗ ಉಳಿಯಿತು. ಎಂಥ ಜಾಣತನ! ಅಂಗಡಿಗೆ ಬಂದವರಿಗೆಲ್ಲ ಇದನ್ನು ವಿವರಿಸುತ್ತಿದ್ದೆ. ಪಹಣಿ ತೆಗೆಸಲು ಬಂದ ರೈತರೂ ಪಾಪ ತಲೆಯಾಡಿಸಿ ಕೇಳಿಕೊಂಡು ಹೋಗುತ್ತಿದ್ದರು. ನಮ್ಮ ಮನೆಯವರು ಒಂದು ದಿನ ಹೊಟ್ಟೆ ಸವರಿಕೊಂಡು, ‘ಹಂಗೇ ಇದನ್ನೂ ಸ್ವಲ್ಪ ಇಳಿಸಿಕೊಡು ಮಾರಾಯ್ತಿ, ಪುಣ್ಯ ಬರುತ್ತೆ’ ಎಂದರು.

ಇಂಥ ಹುಚ್ಚಿನ ದಿನಗಳಲ್ಲೇ ದೊಡ್ಡವ್ವನ ಮನೆಯಿಂದ ಫೋನು ಬಂತು.

ದೊಡ್ಡವ್ವ ಎಂದರೆ ನನ್ನ ತಾಯಿಯ ಅಕ್ಕ. ಅವಳಿರುವುದು ಶಿಕಾರಿಪುರ ತಾಲ್ಲೂಕಿನಲ್ಲಿ, ತಾಳಗುಂದದ ಕಡೆಯ ಒಂದು ಹಳ್ಳಿಯಲ್ಲಿ. ಎಪ್ಪತ್ತು ದಾಟಿದೆ. ಅವಳ ಮೊಮ್ಮಗನ ಮದುವೆ ಒಂದು ವಾರಕ್ಕೆ ಬಂದಿತ್ತು. ಫೋನು ಮಾಡಿದ್ದು ಅವಳ ಮಗ, ನನಗೆ ಅಣ್ಣ. ‘ಅವ್ವ ಹೊಸ್ತಿಲ ಹಾಡು ಹಾಡಂಗಿಲ್ಲ ಅಂತ ಹಠ ಹಿಡಿದು ಕುಂತಾಳ. ನಮ್ಮ ಮಾತು ಕೇಳವಲ್ಲಳು. ನೀನಾದ್ರೂ ಬಂದು ಹೇಳವ್ವ’ ಎಂದ.

ಹೊಸ್ತಿಲ ಹಾಡು ಎಂದರೇನೆಂದು ಹೇಳಬೇಕು. ಅವರ ಪೈಕಿಯಲ್ಲಿ ಮದುವೆ ಹೆಣ್ಣಿನ ಊರಲ್ಲಿ ಆಗುತ್ತದೆ. ಸಂಜೆಯೊಳಗೆ ಹೆಣ್ಣನ್ನು ಗಂಡಿನ ಮನೆಗೆ ಕರೆತಂದು ತುಂಬಿಸಿಕೊಳ್ಳುತ್ತಾರೆ. ಹೊಸ್ತಿಲ ಮೇಲೆ ಅಕ್ಕಿ ತುಂಬಿದ ಸೇರು ಇಟ್ಟಿರುತ್ತಾರೆ. ಅದನ್ನು ಬಲಗಾಲಲ್ಲಿ ಒದ್ದು ಒಳಗೆ ಬರಬೇಕು. ಆದರೆ ಹಾಡು ಮುಗಿಯುವ ತನಕ ಒದೆಯುವಂತಿಲ್ಲ. ಹಾಡು ಇಪ್ಪತ್ತು ನಿಮಿಷ. ಕಾಲು ನೋಯುತ್ತದೆ ಎಂದು ಮದುಮಗಳು ಮುಖ ಮಾಡಿದರೆ, ‘ನಾವೂ ನಿಂತಿದ್ವಿ, ನಿಲ್ಲು’ ಎನ್ನುತ್ತಾರೆ. ಈ ಹೊಸ್ತಿಲನ್ನು ನಿನಗಿಂತ ಮೊದಲು ಯಾರು ಯಾರು ದಾಟಿ ಬಂದರು ಎಂದು ಆ ಮನೆಯ ಹೆಂಗಸರನ್ನು ಒಬ್ಬೊಬ್ಬರಾಗಿ ನೆನೆಯುವ ಹಾಡು ಅದು. ಮನೆ ಬದಲಾದಂತೆ ಸಾಲುಗಳೂ ಬದಲಾಗುತ್ತವೆ. ಹಾಡಲು ಇಬ್ಬರು ಬೇಕು. ಮುಂದೆ ಹೇಳುವವಳು ಒಂದು ಸಾಲು ಹೇಳಿದರೆ ಹಿಂದೆ ಹೇಳುವವಳು ಅದೇ ಸಾಲನ್ನು ತಿರುಗಿ ಹೇಳಬೇಕು.

ನಲವತ್ತು ವರ್ಷದಿಂದ ಮುಂದೆ ಹೇಳುವವಳು ನಮ್ಮ ದೊಡ್ಡವ್ವ. ಹಿಂದೆ ಹೇಳುವವಳು ಅವಳ ನಾದಿನಿ, ದೊಡ್ಡಪ್ಪನ ತಂಗಿ. ಅವಳನ್ನು ಕೊಟ್ಟಿರುವುದು ಸೊರಬದ ಹತ್ತಿರದ ಹಳ್ಳಿಗೆ, ಹಾಗಾಗಿ ನಮಗೆಲ್ಲ ಅವಳು ಸೊರಬದ ಅತ್ತೆ. ಎಲ್ಲಿ ಮದುವೆಯಾದರೂ ಇಬ್ಬರಿಗೂ ಒಟ್ಟಿಗೇ ಕರೆ. ಈ ಸಲ ಅತ್ತೆ ಬಚ್ಚಲ ಹತ್ತಿರ ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಳು. ಪ್ಲಾಸ್ಟರ್ ಹಾಕಿ ಮಂಚದ ಮೇಲೆ ಮಲಗಿಸಿದ್ದರು. ಬರುವ ಮಾತೇ ಇರಲಿಲ್ಲ.

ಭಾನುವಾರ ಹೋದೆ. ಅಂಗಳದ ತುಂಬ ಮೆಕ್ಕೆಜೋಳ ಒಣಗಲು ಹಾಕಿದ್ದರು. ದೊಡ್ಡವ್ವ ಅದರ ಅಂಚಿಗೆ ಕೂತು ಕಡ್ಡಿ ಆರಿಸುತ್ತಿದ್ದಳು. ನಾನು ಹೋಗಿ ಕೂತವಳೇ ಜಗಳ ತೆಗೆದೆ. ‘ಮೊಮ್ಮಗನ ಮದುವಿ ದೊಡ್ಡವ್ವ, ನೀನ ಹಿಂಗ ಮಾಡಿದ್ರ ಹೆಂಗ? ಹಿಂದ ಹೇಳಾಕ ಬ್ಯಾರೆ ಯಾರರ ನಿಲ್ತಾರ, ಅದಕ್ಕೇನು ಹಠ?’

ಅವಳು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದಳು. ‘ಹಠ ಅಲ್ಲವ್ವ, ಹೆದ್ರಿಕಿ. ಮೂರು ವರ್ಷ ಆತು. ಹಾಡ್ತಾ ಹಾಡ್ತಾ ನಡಕ ಮುಂದಿನ ಸಾಲು ಮರ್ತು ಹೊಕ್ಕೈತಿ. ಆಕಿ ಬಾಜೂಕ ನಿಂತಿದ್ರ ಹೆಂಗೋ ಬರ್ತೈತಿ. ಹೆಂಗ ಬರ್ತೈತಿ ಅಂತ ನಂಗೂ ತಿಳೀದು. ಆಕಿ ಇಲ್ದ ಬೀಗರ ಮುಂದ ಬಾಯಿ ಕಟ್ಟಿ ನಿಂತ್ನಿ ಅಂದ್ರ, ಮುದುಕಿಗೆ ಅರಳುಮರಳು ಅಂತಾರ. ಒಮ್ಮೆ ಹಂಗಂದ್ರ ಮುಗೀತು, ಆಮ್ಯಾಲ ನನ್ನ ಯಾರೂ ಹಾಡು ಅನ್ನಂಗಿಲ್ಲ. ಅದಕ್ಕಿಂತ ಹಠಮಾರಿ ಅಂತ ಅನ್ನಿಸ್ಕೊಳ್ಳೋದ ಚಲೋ.’

ಆ ಬಾಯಿ ಹಾಡುವುದನ್ನು ಬಿಟ್ಟರೆ ದೊಡ್ಡವ್ವ ದೊಡ್ಡವ್ವನಾಗಿ ಉಳಿಯುವುದಿಲ್ಲ ಎಂದು ನನಗೆ ಗೊತ್ತು. ಊರಲ್ಲಿ ಅವಳನ್ನು ಗುರುತಿಸುವುದೇ ಹಾಡಿನಿಂದ. ಆದರೆ ನನ್ನ ಸ್ವಭಾವ ಎಂಥದ್ದೆಂದರೆ ಅಳು ಬರುವ ಹೊತ್ತಿಗೇ ತಲೆಯಲ್ಲಿ ಒಂದು ಉಪಾಯ ಕುಣಿಯಲು ಶುರುವಾಗುತ್ತದೆ. ‘ದೊಡ್ಡವ್ವಾ! ಆಕಿನ್ನ ರೆಕಾರ್ಡ್ ಮಾಡ್ಕೊಂಡು ಬರ್ತೀನಿ! ನೀನು ನಿಂದು ಹೇಳು, ಫೋನು ಆಕಿದು ಹೇಳ್ತೈತಿ’ ಎಂದು ಕೂಗಿಯೇಬಿಟ್ಟೆ. ಜೋಳ ತಿನ್ನಲು ಬಂದಿದ್ದ ಕೋಳಿಗಳು ಬೆದರಿ ಓಡಿದವು.

‘ಡಬ್ಬಿ ಜೊತಿಗೆ ಹಾಡಾಕಾಗ್ತೈತೇನೆ?’

‘ಡಬ್ಬಿ ಇರಬಹುದು, ದನಿ ಆಕಿದ ಅಲ್ಲೇನು?’

ಸ್ವಲ್ಪ ಹೊತ್ತು ಕಡ್ಡಿ ಆರಿಸಿದಳು. ‘ಮದಲ ಮನಿಯಾಗ ಹಾಡಿ ನೋಡ್ತೀನಿ. ಕೂಡಿ ಬಂದ್ರ ಸೈ. ಇಲ್ಲಾಂದ್ರ ನನ್ನ ಮತ್ತ ಕೇಳಬ್ಯಾಡ’ ಎಂದಳು. ಅಷ್ಟು ಸಾಕಿತ್ತು ನನಗೆ.

ಮರುದಿನ ಅಂಗಡಿಗೆ ಬೀಗ ಹಾಕಿ ಸ್ಕೂಟಿಯಲ್ಲಿ ಸೊರಬದ ಅತ್ತೆಯ ಮನೆಗೆ ಹೋದೆ. ಅತ್ತೆ ಕಾಲನ್ನು ದಿಂಬಿನ ಮೇಲಿಟ್ಟುಕೊಂಡು ಕೂತಿದ್ದಳು. ವಿಷಯ ಕೇಳಿ ನಗು ತಡೆಯಲಾಗಲಿಲ್ಲ ಅವಳಿಗೆ. ‘ಎಂತ ಕಾಲ ಬಂತೇ! ಅತ್ತಿಗೆ ಎದುರಿಗೆ ಇಲ್ದೇ ನಾ ಯಾರಿಗೆ ಅಂತ ತಿರುಗಿ ಹೇಳ್ಲಿ?’

‘ಅವಳಿದ್ದಾಳೆ ಅಂತಲೇ ತಿಳ್ಕೊಂಡು ಹೇಳಿ ಅತ್ತೆ. ಅವಳು ಒಂದು ಸಾಲು ಹೇಳೋವಷ್ಟು ಹೊತ್ತು ಬಿಟ್ಟು, ಆಮೇಲೆ ನೀವು ಹೇಳಿ.’

ಫೋನಿನ ರೆಕಾರ್ಡರನ್ನು ಅತಿ ಮೇಲ್ದರ್ಜೆಗೆ ಹಾಕಿದೆ. ನಾನು ಮಾಡುವ ಕೆಲಸ ಸುಮ್ಮನೆ ಇರಬಾರದಲ್ಲ! ಅತ್ತೆ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಗಟ್ಟಿಯಾಗಿ ಒಂದು ಸಾಲು ಹೇಳಿದಳು. ಮತ್ತೆ ಬಿಡುವು, ಮತ್ತೆ ಸಾಲು. ಬಿಡುವಿನಲ್ಲಿ ಅವಳ ತುಟಿ ಅಲ್ಲಾಡುತ್ತಿತ್ತು. ಹೊತ್ತು ಎಣಿಸುತ್ತಿದ್ದಾಳೆ ಎಂದುಕೊಂಡೆ. ಇಪ್ಪತ್ತು ನಿಮಿಷ ಒಂದೇ ಸಮನೆ ಹಾಡಿದಳು, ಎಲ್ಲೂ ತಪ್ಪಲಿಲ್ಲ, ಎಲ್ಲೂ ನಿಲ್ಲಲಿಲ್ಲ. ಮುಗಿದ ಮೇಲೆ ಒಂದು ಲೋಟ ನೀರು ಕುಡಿದು, ‘ಜೋಪಾನವಾಗಿ ತಗೊಂಡು ಹೋಗೇ’ ಎಂದಳು. ಏನೋ ಹಾಲಿನ ತಂಬಿಗೆ ಕೊಟ್ಟು ಕಳಿಸಿದ ಹಾಗಿತ್ತು ಆ ಮಾತು.

ಅಂಗಡಿಗೆ ಬಂದು ಲ್ಯಾಪ್‌ಟಾಪಿಗೆ ಹಾಕಿ ನೋಡಿದರೆ ಫೈಲು ಇನ್ನೂರು ಎಂಬಿ. ಅದು ಅಣ್ಣನ ಫೋನಿಗೆ ಹೋಗಬೇಕು. ಅವನ ಹಳ್ಳಿಯಲ್ಲಿ ಸಿಗ್ನಲ್ ಬೇಕಾದರೆ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ನಿಲ್ಲಬೇಕು. ಸಾಲದ್ದಕ್ಕೆ ಅವನು ಕುರಿ ಸಾಕಿದವನು, ಫೋನಿನ ತುಂಬ ಟಗರುಗಳೇ. ‘ಒಂದಿಷ್ಟು ಅಳಿಸಿ ಜಾಗ ಮಾಡೋ’ ಎಂದರೆ, ‘ಒಂದೂ ಅಳಿಸಾಕ ಬರಂಗಿಲ್ಲ, ಎಲ್ಲಾ ಗಿರಾಕಿಗೆ ತೋರಿಸೋವು. ಹತ್ತು ಎಂಬಿ ಒಳಗಿದ್ರ ಕಳ್ಸು’ ಎಂದ.

ಹತ್ತು ಎಂಬಿಯಂತೆ! ನನ್ನ ಮುಂದೆ! ಮೈಯಲ್ಲಿ ಹುರುಪು ಉಕ್ಕಿತು. ಹತ್ತು ಯಾಕೆ, ಮೂರರೊಳಗೆ ಇಳಿಸಿ ತೋರಿಸುತ್ತೇನೆ ನೋಡು ಎಂದು ಕೂತೆ. ಮೊದಲು ಎರಡು ಕಿವಿಯ ಧ್ವನಿಯನ್ನು ಒಂದು ಮಾಡಿದೆ. ಆಮೇಲೆ ಪರದೆಯ ಮೇಲೆ ಧ್ವನಿಯ ಗೆರೆ ನೋಡಿದೆ. ಅತ್ತೆ ಹಾಡಿದಲ್ಲಿ ಗುಡ್ಡ, ಬಿಡುವಿನಲ್ಲಿ ಬಯಲು. ಬಯಲಿನಲ್ಲಿ ಏನೋ ಗುಸುಗುಸು ಕಸದಂತೆ ಕಂಡಿತು. ಫ್ಯಾನಿನ ಸದ್ದೋ, ಹೊರಗಿನ ಗಾಳಿಯೋ ಇರಬೇಕೆಂದು ಕೇಳಲು ಹೋಗಲೇ ಇಲ್ಲ. ಗುಂಡಿ ಒತ್ತಿ ಅಷ್ಟನ್ನೂ ಸ್ವಚ್ಛ ಮಾಡಿದೆ. ಈಗ ಬಯಲು ನುಣ್ಣಗಾಯಿತು. ಅಲ್ಲೇ ಇನ್ನೊಂದು ಗುಂಡಿ ಇತ್ತು, ಖಾಲಿ ಜಾಗ ತೆಗೆದುಹಾಕುವುದಕ್ಕೆ. ಒತ್ತಿದೆ. ಇಪ್ಪತ್ತು ನಿಮಿಷ ಇದ್ದದ್ದು ಹನ್ನೊಂದಕ್ಕೆ ಕುಗ್ಗಿತು. ಎಂಪಿಥ್ರೀ ಮಾಡಿದೆ. ಎರಡೂವರೆ ಎಂಬಿ! ಚಪ್ಪಾಳೆ ತಟ್ಟಿಕೊಂಡು ನಗುತ್ತಿದ್ದ ನನ್ನನ್ನು, ಜಾತಿ ಪ್ರಮಾಣಪತ್ರಕ್ಕೆ ಕಾಯುತ್ತಿದ್ದ ಇಬ್ಬರು ಹೆಂಗಸರು ಮಿಕಿಮಿಕಿ ನೋಡಿದರು. ಅವರಿಗೂ ಒಂದೊಂದು ನಿಮಿಷ ಅತ್ತೆಯ ಹಾಡು ಕೇಳಿಸಿದೆ. ‘ಚೆನ್ನಾಗಿದೆ ಕಣ್ರೀ, ನಮ್ಮ ಅರ್ಜಿ?’ ಎಂದರು.

ಫೈಲು ಕಳಿಸಿದೆ. ಅದು ಅರ್ಧ ನಿಮಿಷದಲ್ಲಿ ಹೋಗಿ ಮುಟ್ಟಿತು. ನನಗಿಂತ ಸುಖಿ ಆ ಮಧ್ಯಾಹ್ನ ಸೊರಬದಲ್ಲಿ ಯಾರೂ ಇದ್ದಿರಲಾರರು.

ಸಂಜೆ ಐದರ ಹೊತ್ತಿಗೆ ಫೋನು. ಅಣ್ಣನ ಫೋನಿನಲ್ಲಿ ದೊಡ್ಡವ್ವ. ನಾನು ‘ಹೆಂಗೈತಿ?’ ಎಂದು ಕೇಳುವ ಮೊದಲೇ ಸಿಡಿದಳು.

‘ಏನ ಕಳ್ಸಿಯೇ? ಆಕಿ ಹಿಂದ ನಾಯಿ ಬೆನ್ನತ್ತ್ಯಾವೇನು? ಒಂದು ಸಾಲು ಮುಗೀತು ಅನ್ನೋದ್ರಾಗ ಇನ್ನೊಂದು ಹೇಳ್ತಾಳ. ನಾ ಬಾಯಿ ತೆರಿಯಾಕ ಬಿಡವಲ್ಲಳು. ನನ್ನ ಸಾಲು ಎಲ್ಲಿ ಹೋತು?’

‘ನಿನ್ನ ಸಾಲು ಅದರಾಗ ಇಲ್ಲ ದೊಡ್ಡವ್ವ, ಅದನ್ನ ನೀ ಹಾಡ್ಬೇಕು.’

‘ಅಷ್ಟು ತಿಳೀದೇನು ನಂಗ? ಹಾಡಾಕ ಜಾಗ ಎಲ್ಲೈತಿ ಹೇಳು! ನಲವತ್ತು ವರ್ಷದಾಗ ಆಕಿ ಒಂದು ದಿನ ನನ್ನ ಸಾಲು ಮುಗಿಯೋಕ ಮದಲು ಬಾಯಿ ಹಾಕಿದಾಕಿ ಅಲ್ಲ. ಬ್ಯಾಡ ನಿನ್ನ ಡಬ್ಬಿ. ನಾ ಹಾಡಂಗಿಲ್ಲ, ಮುಗೀತು’ ಎಂದು ಫೋನು ಇಟ್ಟುಬಿಟ್ಟಳು.

ನನಗೂ ಸಿಟ್ಟು ಬಂತು. ಉಪಕಾರ ಮಾಡಲು ಹೋದವಳಿಗೆ ಬೈಗುಳವೇ ಎಂದು ಜೆರಾಕ್ಸ್ ಯಂತ್ರದ ಮುಚ್ಚಳವನ್ನು ದಡ್ಡನೆ ಮುಚ್ಚಿದೆ. ಮುಚ್ಚಿ ಎರಡು ನಿಮಿಷವಾಗಿರಲಿಲ್ಲ, ಹಣೆ ಚಚ್ಚಿಕೊಂಡೆ. ನಾನು ಖಾಲಿ ಎಂದು ತೆಗೆದದ್ದು ಏನು? ಅದು ದೊಡ್ಡವ್ವನ ಸರದಿ! ಅತ್ತೆ ತನ್ನ ಅತ್ತಿಗೆಗಾಗಿ ಬಿಟ್ಟುಕೊಟ್ಟ ಹೊತ್ತು ಅದು. ಅದನ್ನೇ ನಾನು ಗುಡಿಸಿ ಹೊರಗೆ ಹಾಕಿದ್ದೆ. ಹಾಡು ಗೊತ್ತಿಲ್ಲದ ಯಾರಾದರೂ ಪಟ್ಟಣದವರು ಮಾಡಿದ್ದರೆ ಹೋಗಲಿ ಎನ್ನಬಹುದು. ಹುಟ್ಟಿದಾಗಿನಿಂದ ಆ ಹಾಡು ಕೇಳುತ್ತ ಬೆಳೆದ ನಾನೇ ಹೀಗೆ ಮಾಡಿದೆನಲ್ಲ, ಎಂಥ ಹೆಡ್ಡಿ!

ಮದುವೆಗೆ ಇನ್ನು ಮೂರೇ ದಿನ. ಪುಣ್ಯಕ್ಕೆ ಇನ್ನೂರು ಎಂಬಿಯ ಮೂಲ ಫೈಲನ್ನು ಅಳಿಸಿರಲಿಲ್ಲ. ಅದನ್ನೇ ಮತ್ತೆ ತೆರೆದು ಕೂತೆ. ಈ ಸಲ ಏನನ್ನೂ ಮುಟ್ಟುವ ಧೈರ್ಯ ಬರಲಿಲ್ಲ. ಸ್ವಚ್ಛ ಮಾಡುವುದೂ ಬೇಡ, ಖಾಲಿ ತೆಗೆಯುವುದೂ ಬೇಡ, ಅತ್ತೆ ಹೇಗೆ ಕೊಟ್ಟಳೋ ಹಾಗೇ ಇರಲಿ ಎಂದುಕೊಂಡೆ. ಎರಡು ಕಿವಿಯದನ್ನು ಒಂದು ಮಾಡಿದೆ, ಅಷ್ಟೆ. ಎಂಪಿಥ್ರೀ ಮಾಡುವಾಗ ಒಂದು ಆಯ್ಕೆ ಇರುತ್ತದೆ. ಸದ್ದು ಹೆಚ್ಚಿದ್ದಲ್ಲಿ ಹೆಚ್ಚು ಜಾಗ, ಕಡಿಮೆ ಇದ್ದಲ್ಲಿ ಕಡಿಮೆ ಜಾಗ ತೆಗೆದುಕೊಳ್ಳುವುದು. ಅದನ್ನು ಹಾಕಿದೆ. ಪೂರಾ ಇಪ್ಪತ್ತು ನಿಮಿಷದ ಫೈಲು ಮೂರೂವರೆ ಎಂಬಿಗೆ ಬಂದು ನಿಂತಿತು.

ಪರದೆಯನ್ನೇ ದಿಟ್ಟಿಸಿದೆ. ಮೊದಲನೆಯದು ಎರಡೂವರೆ, ಇದು ಮೂರೂವರೆ. ಒಂದೇ ಒಂದು ಎಂಬಿ! ಅಣ್ಣ ಕೊಟ್ಟದ್ದು ಹತ್ತರ ಜಾಗ. ಯಾರೂ ಕೇಳದ ಒಂದು ಎಂಬಿ ಉಳಿಸಲು ಹೋಗಿ ದೊಡ್ಡವ್ವನ ಬಾಯಿಗೇ ಬೀಗ ಹಾಕಿದ್ದೆ. ನಾಚಿಕೆಯಾಯಿತು. ಆದರೆ ಇದು ಕೂಡಿಬರುತ್ತದೆ ಎಂದು ನನಗೆ ಖಾತ್ರಿಯಾಗಿತ್ತು.

ಕಳಿಸಿ, ಅಣ್ಣನಿಗೆ ಫೋನು ಮಾಡಿದೆ, ಕಾಲು ಹಿಡಿಯುವುದೊಂದು ಬಾಕಿ. ‘ಒಂದ ಸಲ ಹಾಕಿ ಕೇಳಿಸೋ. ಬೈದ್ರ ನಾನ ಬೈಸ್ಕೊಳ್ತೀನಿ.’ ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುತ್ತಿದ್ದಾಗ ಅವನು ಹೆಂಡತಿಯ ಫೋನು ಹಿಡಿದು ಟ್ರೇಲರ್ ಹತ್ತಿ ಕರೆ ಮಾಡಿದ. ಮಾತಿಲ್ಲ, ಬರೀ ಹಾಡು. ದೊಡ್ಡವ್ವ ಒಂದು ಸಾಲು ಹೇಳುತ್ತಿದ್ದಳು, ಅದು ಮುಗಿದ ಕೂಡಲೇ ಅತ್ತೆ ತಿರುಗಿ ಹೇಳುತ್ತಿದ್ದಳು. ಅಂಗಳದಲ್ಲಿ ಯಾರೋ ಪಾತ್ರೆ ಇಡುವ ಸದ್ದು ನಡುವೆ ಕೇಳುತ್ತಿತ್ತು. ಹತ್ತು ಸಾಲು ಆದ ಮೇಲೆ ದೊಡ್ಡವ್ವ, ‘ಸಾಕು, ಕೂಡಿ ಬರ್ತೈತಿ, ಉಳಿದಿದ್ದು ಮದುವಿ ದಿನ’ ಎಂದು ನಿಲ್ಲಿಸಿದಳು. ಇಬ್ಬರ ನಡುವೆ ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ದೂರ, ಆದರೆ ಒಂದು ಉಸಿರಿನ ವ್ಯತ್ಯಾಸವಿಲ್ಲ! ಅರ್ಧ ಎತ್ತಿದ ಶಟರನ್ನು ಹಾಗೇ ಬಿಟ್ಟು ರಸ್ತೆಯಲ್ಲೇ ಕುಣಿದುಬಿಟ್ಟೆ. ಎದುರಿನ ಹೂವಿನಂಗಡಿಯವಳು, ‘ಏನ್ರೀ, ಲಾಟರಿನಾ?’ ಎಂದು ಕೇಳಿದಳು. ‘ಅದಕ್ಕಿಂತ ದೊಡ್ಡದು ಕಣ್ರೀ’ ಎಂದೆ.

ಮದುವೆಯ ದಿನ ನಾನು ಹೆಣ್ಣಿನ ಊರಿಗೆ ಹೋಗಲೇ ಇಲ್ಲ. ಶಿರಾಳಕೊಪ್ಪದ ಮೇಲೆ ಬಸ್ಸಿನಲ್ಲಿ ನೇರ ದೊಡ್ಡವ್ವನ ಮನೆಗೆ ಹೋಗಿ ಮಧ್ಯಾಹ್ನದಿಂದಲೇ ತಯಾರಿಗೆ ನಿಂತೆ. ಶಾಮಿಯಾನದವರು ಆಳೆತ್ತರದ ಎರಡು ಸ್ಪೀಕರ್ ಪೆಟ್ಟಿಗೆ ತಂದಿಟ್ಟಿದ್ದರು. ಒಂದನ್ನು ಬಾಗಿಲ ಪಕ್ಕಕ್ಕೆ, ಅತ್ತೆ ನಿಲ್ಲುತ್ತಿದ್ದ ಜಾಗಕ್ಕೇ ಎಳೆಸಿದೆ. ಅಣ್ಣನ ಫೋನನ್ನು ವೈರಿನಿಂದ ಜೋಡಿಸಿ ಕೈಯಲ್ಲೇ ಹಿಡಿದುಕೊಂಡೆ. ದೊಡ್ಡವ್ವ ಹಸಿರು ಸೀರೆ ಉಟ್ಟು ಬಂದಳು. ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿ, ‘ನಮ್ಮಾಕಿ ಇಷ್ಟು ದಪ್ಪ ಇಲ್ಲ’ ಎಂದಳು. ನಕ್ಕಳು, ಆದರೆ ಸೆರಗನ್ನು ಹಿಂಡುತ್ತಿದ್ದ ಬೆರಳು ನನಗೆ ಕಾಣುತ್ತಿತ್ತು.

ನಾಲ್ಕೂವರೆಗೆ ದಿಬ್ಬಣದ ಗಾಡಿಗಳು ಬಂದವು. ಬೀಗರ ಕಡೆಯ ಹೆಂಗಸರು ಅಂಗಳದ ತುಂಬ ನಿಂತರು. ಮದುಮಗಳು ಹೊಸ್ತಿಲ ಮುಂದೆ ಬಂದು ನಿಂತಳು, ಎದುರಿಗೆ ಅಕ್ಕಿ ತುಂಬಿದ ಸೇರು. ದೊಡ್ಡವ್ವ ನನ್ನ ಕಡೆ ನೋಡಿದಳು. ನಾನು ಒತ್ತಿದೆ.

ದೊಡ್ಡವ್ವ ಮೊದಲ ಸಾಲು ಹೇಳಿದಳು. ಪೆಟ್ಟಿಗೆಯಿಂದ ಅತ್ತೆ ತಿರುಗಿ ಹೇಳಿದಳು. ‘ಸೇರಕ್ಕಿ ಚೆಲ್ಲಲಿ, ಸೂರೆಲ್ಲ ತುಂಬಲಿ’ ಎಂಬಲ್ಲಿಗೆ ಬರುವಷ್ಟರಲ್ಲಿ ಇಡೀ ಅಂಗಳ ಗಪ್‌ಚಿಪ್ ಆಗಿತ್ತು. ‘ಅರರೆ, ಫೋನಿನಾಗ ಆಕಿನ ಐದಾಳ’ 
ಎಂದು ಯಾರೋ ಪಿಸುಗುಟ್ಟಿದರು. ನನ್ನ ಮುಖದಲ್ಲಿ ಹಲ್ಲು ಬಿಟ್ಟರೆ ಬೇರೆ ಏನೂ ಉಳಿದಿರಲಿಲ್ಲ. ಒಂದೇ ಒಂದು ಕಿರಿಕಿರಿ, ದೊಡ್ಡವ್ವ ಉಸಿರು ತೆಗೆದುಕೊಳ್ಳುವ ಕಡೆಗಳಲ್ಲಿ ಪೆಟ್ಟಿಗೆಯಿಂದ ಏನೋ ಗುಸುಗುಸು ಬರುತ್ತಿತ್ತು. ಫೋನಿನ ಸಣ್ಣ ಸ್ಪೀಕರಿನಲ್ಲಿ ಅದು ಕೇಳಿರಲಿಲ್ಲ. ವೈರು ಸಡಿಲವಾಗಿರಬೇಕು ಎಂದುಕೊಂಡೆ. ಮುಟ್ಟಲು ಹೆದರಿ ಸುಮ್ಮನಿದ್ದೆ.

ಹಾಡು ಹೆಂಗಸರ ಸರಣಿಗೆ ಬಂತು. ಮನೆಮಗಳು ದಾಟಿದಳು, ಹಿರಿ ಸೊಸೆ ದಾಟಿದಳು, ಮದುಮಗಳ ಅತ್ತೆ ದಾಟಿದಳು. ಅಲ್ಲಿಗೆ ದೊಡ್ಡವ್ವ ನಿಂತಳು.

ಬಾಯಿ ತೆರೆದೇ ಇತ್ತು, ಸಾಲು ಬರಲಿಲ್ಲ. ಅವಳ ಕಣ್ಣು ಪಕ್ಕಕ್ಕೆ ಹೋಯಿತು, ನಲವತ್ತು ವರ್ಷದಿಂದ ನಾದಿನಿ ನಿಲ್ಲುತ್ತಿದ್ದ ಪಕ್ಕಕ್ಕೆ. ಅಲ್ಲಿ ಪೆಟ್ಟಿಗೆ ಇತ್ತು. ಬೀಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಗಿಯಿತು, ನಾನೇ ಕೈಯಾರೆ ಕರೆತಂದು ನಿಲ್ಲಿಸಿ ಅವಳ ಮಾನ ಕಳೆದೆ ಎಂದುಕೊಂಡೆ.

ಆಗ ಆ ನಿಶ್ಶಬ್ದದಲ್ಲಿ ಪೆಟ್ಟಿಗೆಯೊಳಗಿಂದ ಒಂದು ಪಿಸುದನಿ ಬಂತು. ಕಿವಿಯ ಹತ್ತಿರ ಬಾಯಿಟ್ಟು ಹೇಳಿದ ಹಾಗೆ, ಸ್ಪಷ್ಟವಾಗಿ.

‘ಅತ್ತೆಯ ಅತ್ತೆಯೂ ಇದೇ ಹೊಸ್ತಿಲ ದಾಟಿದಳು...’

ಅಂಗಳದವರೆಲ್ಲ ಕೇಳಿಸಿಕೊಂಡರು. ಆಳೆತ್ತರದ ಪೆಟ್ಟಿಗೆ, ಕೇಳದೇ ಇರುತ್ತದೆಯೇ! ಬೀಗಿತ್ತಿಯೊಬ್ಬಳು ಸೆರಗು ಬಾಯಿಗೆ ಒತ್ತಿಕೊಂಡಳು. ಅತ್ತೆ ತನ್ನ ಗಟ್ಟಿ ದನಿಯಲ್ಲಿ ಅದೇ ಸಾಲನ್ನು ತಿರುಗಿ ಹೇಳಿ ಮುಗಿಸಿದಳು. ದೊಡ್ಡವ್ವ ಹೇಳಬೇಕಾದ ಸಾಲು ಹಾರಿಹೋಗಿತ್ತು. ಅವಳು ಪೆಟ್ಟಿಗೆಯನ್ನೇ ನೋಡುತ್ತ ನಿಂತಿದ್ದಳು. ಮುಖ ಕೆಂಪಾಗಿತ್ತು. ಅಳುತ್ತಾಳೆ ಎಂದುಕೊಂಡೆ. ಸೊಂಟದ ಮೇಲೆ ಕೈಯಿಟ್ಟಳು.

‘ಏನೇ ಏ, ಅಷ್ಟು ಸಣ್ಣಗೆ ಹೇಳಿದ್ರ ಹೆಂಗ ಕೇಳ್ಬೇಕು? ಕಾಲು ಮುರಿದೈತಿ, ಬಾಯೇನು ಮುರಿದಿಲ್ಲಲ್ಲ! ಗಟ್ಟಿ ಹೇಳು!’

ಅಂಗಳಕ್ಕೆ ಅಂಗಳವೇ ನಗುತ್ತ ಬಿದ್ದಿತು. ಮದುಮಗಳು ನಗು ತಡೆಯಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಅಣ್ಣನ ಹೆಂಡತಿ ಒಳಗಿನಿಂದಲೇ ಕೂಗಿದಳು, ‘ಅಲ್ಲ ಅತ್ತಿ, ಊರ ಹೆಂಗಸರನ್ನೆಲ್ಲ ನೆನಸಿ ನಿನ್ನನ್ನ ನೀನ ಮರ್ತ್ಯಲ್ಲ! ಇಕಿ ಅತ್ತಿಯ ಅತ್ತಿ ಅಂದ್ರ ನೀನ!’

ಹೌದಲ್ಲ! ದೊಡ್ಡವ್ವನಿಗೆ ಅದು ಆಗಲೇ ಹೊಳೆದಿದ್ದು. ‘ಮರ್ತ್ನೆವ್ವ, ಮರ್ತ್ನಿ. ವಯಸ್ಸಾತು, ಮರ್ತ್ನಿ’ ಎಂದು ಎಲ್ಲರೆದುರಿಗೆ ಹೇಳಿ ತಾನೂ ನಕ್ಕಳು. ಮೂರು ವರ್ಷ ಮುಚ್ಚಿಟ್ಟದ್ದನ್ನು ಇಷ್ಟು ಸಲೀಸಾಗಿ ಹೇಳುತ್ತಾಳೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಆಮೇಲೆ ನನ್ನ ಕಡೆ ತಿರುಗಿ ಬೆರಳಿನಿಂದ ಹಿಂದಕ್ಕೆ ಎಂದು ಸನ್ನೆ ಮಾಡಿದಳು. ಹಾಡನ್ನು ಆ ಸಾಲಿನ ತನಕ ಹಿಂದಕ್ಕೆ ಎಳೆದೆ. ಮತ್ತೆ ಅದೇ ಪಿಸುದನಿ ಬಂತು. ಈ ಸಲ ಅದು ಶುರುವಾಗುತ್ತಲೇ ದೊಡ್ಡವ್ವ ಅದರ ಮೇಲೆ ತನ್ನ ದನಿ ಹಾಕಿದಳು. ಎಂಥ ದನಿ! ತನ್ನ ಸಾಲನ್ನು ತಾನೇ ಹಾಡಿಕೊಂಡ ಆ ದನಿಯನ್ನು ನಾನು ಸಾಯುವ ತನಕ ಮರೆಯುವುದಿಲ್ಲ. ಅತ್ತೆ ತಿರುಗಿ ಹೇಳುವಾಗ ಅಂಗಳದ ಹೆಂಗಸರೂ ಸೇರಿಕೊಂಡರು. ಹಾಡು ಮುಗಿಯುತ್ತಲೇ ಮದುಮಗಳು ಸೇರನ್ನು ಒದ್ದ ರಭಸಕ್ಕೆ ಅಕ್ಕಿ ನಡುಮನೆಯ ತನಕ ಹಾರಿತು.

ಊಟಕ್ಕೆ ಕೂತಾಗ, ಸೆರಗು ಬಾಯಿಗೆ ಒತ್ತಿಕೊಂಡಿದ್ದ ಆ ಬೀಗಿತ್ತಿಯೇ ದೊಡ್ಡವ್ವನ ಹತ್ತಿರ ಬಂದಳು. ‘ನಮ್ಮ ಕಿರಿಯವನ ಮದುವಿಗೂ ಬರ್ಬೇಕ್ರೀ ನೀವು. ಅವರ ಕಾಲು ವಾಸಿ ಆಗಲಿ, ಇಬ್ರೂ ಬರ್ಬೇಕು’ ಎಂದಳು. ದೊಡ್ಡವ್ವ ದೊಡ್ಡ ಮನುಷ್ಯಳಂತೆ, ‘ನೋಡೂಣ್ರೀ, ನಮ್ಮಾಕಿನ್ನ ಕೇಳ್ಬೇಕು’ ಎಂದಳು. ಆ ಖುಷಿಗೆ ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ಎಲೆ ಎತ್ತಿದವಳೇ ಟ್ರೇಲರ್ ಹತ್ತಿ ನಿಂತು ಸೊರಬದ ಅತ್ತೆಗೆ ಫೋನು ಮಾಡಿದೆ. ಆಚೆಯಿಂದ ಮೊದಲ ರಿಂಗಿಗೇ ಎತ್ತಿದಳು. ಫೋನು ಕೈಯಲ್ಲೇ ಹಿಡಿದು ಕೂತಿದ್ದಿರಬೇಕು.

‘ಹಾಡು ಆಯ್ತಾ?’

‘ಆಯ್ತು ಅತ್ತೆ, ಏನು ಚೆಂದ ಆಯ್ತು ಅಂತೀರಿ! ಆದ್ರೆ ದೊಡ್ಡವ್ವ ನಡುವೆ ಒಂದ್ಕಡೆ...’

‘ನಿಂತ್ರಾ?’ ಎಂದಳು ಅತ್ತೆ. ‘ಅತ್ತೆಯ ಅತ್ತೆ ಸಾಲಲ್ಲಿ ಅಲ್ದಾ?’

ಹ್ಞೂಂ ಎಂದೆ.

‘ಅತ್ತಿಗೆ ಅಲ್ಲೇ ನಿಲ್ಲೋದು ಮಾರಾಯ್ತಿ. ಯಾರ ಮನೆಗೆ ಹೋದ್ರೂ ಅಲ್ಲೇ. ಪಕ್ಕದಲ್ಲಿದ್ರೆ ಕಿವಿಯಲ್ಲಿ ಹೇಳ್ಬಿಡ್ತಿದ್ದೆ, ಅವರಿಗೂ ಗೊತ್ತಾಗ್ತಾ ಇರ್ಲಿಲ್ಲ, ತಾನೇ ನೆನಪಾಯ್ತು ಅಂತ ಹಾಡ್ಕೊಂಡು ಹೋಗೋರು. ಈ ಸಲ ನಾನಿಲ್ವಲ್ಲ ಅಂತ, ಅವರ ಸಾಲು ಅಷ್ಟನ್ನೂ ಬಿಡುವಿನಲ್ಲಿ ಮೆತ್ತಗೆ ಹೇಳ್ಕೊಂಡು ಬಂದೆ. ಅದೊಂದು ಸಾಲು ಮಾತ್ರ ಬೇಕೂಂತ್ಲೇ ಸ್ವಲ್ಪ ಜೋರಾಗಿ ಹೇಳಿದ್ದೆ. ನಿನ್ನ ಫೋನಲ್ಲಿ ಬರುತ್ತೋ ಇಲ್ವೋ ಅಂತ ಹೆದರಿಕೆ ಇತ್ತು. ಸರಿಯಾಗಿ ಕೇಳಿಸ್ತಾ?’

‘ಚೆನ್ನಾಗಿ ಕೇಳಿಸ್ತು ಅತ್ತೆ’ ಎಂದೆ. ಮೊದಲ ಸಲ ಕಳಿಸಿದ್ದರಲ್ಲಿ ಅದನ್ನೇ ಕಸವೆಂದು ತೆಗೆದುಹಾಕಿದ್ದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.